ಬಿಚ್ಚಲು ಬರುವಂತೆ ಕಟ್ಟುವುದು

ಅಮ್ಮನ ಕಪಾಟಿನಲ್ಲಿ ಹನ್ನೊಂದು ರಟ್ಟಿನ ಪುಸ್ತಕಗಳಿವೆ. ಒಂದಕ್ಕೂ ಪ್ರಕಾಶಕರ ಹೆಸರಿಲ್ಲ, ಬೆಲೆಯಿಲ್ಲ, ಮುನ್ನುಡಿಯಿಲ್ಲ. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಹಾಸಿಗೆಯಡಿ ಒತ್ತಿಟ್ಟು, ಕಾದಂಬರಿ ಮುಗಿದ ಮೇಲೆ ಒಟ್ಟು ಮಾಡಿ ಅವಳು ಕಟ್ಟಿಸಿದ ಪುಸ್ತಕಗಳು ಅವು. ‘ಸುಧಾ’ 1965ರಲ್ಲಿ ಶುರುವಾದಾಗ ಅಮ್ಮ ಹೊಸದಾಗಿ ಸಂಸಾರ ಹೂಡಿದ್ದಳು. ಪತ್ರಿಕೆಗೆ ದುಡ್ಡು ಹೊಂದುತ್ತಿತ್ತು, ಕಾದಂಬರಿ ಕೊಳ್ಳಲು ಹೊಂದುತ್ತಿರಲಿಲ್ಲ. ಆಗಿನ ಎಷ್ಟೋ ಮನೆಗಳ ಕತೆ ಇದೇ. ‘ಕಸ್ತೂರಿ’ಯ ಪುಸ್ತಕ ವಿಭಾಗವನ್ನು ಬಿಡಿಸಿ ಕಟ್ಟಿಸಿಟ್ಟವರಿದ್ದರು, ‘ಚಂದಮಾಮ’ದ ಹನ್ನೆರಡು ಸಂಚಿಕೆ ಸೇರಿಸಿ ಮಕ್ಕಳಿಗೊಂದು ದಪ್ಪ ಪುಸ್ತಕ ಮಾಡಿಕೊಟ್ಟವರಿದ್ದರು. ಓದುವ ಆಸೆ ದೊಡ್ಡದಿದ್ದು ಕೈ ಸಣ್ಣದಿದ್ದ ಮನೆಗಳು ಹೀಗೆ ತಮ್ಮ ಗ್ರಂಥಾಲಯವನ್ನು ತಾವೇ ಮಾಡಿಕೊಂಡವು.

ಆರು ವರ್ಷದ ಹಿಂದೆ ಅದರಲ್ಲೊಂದು ಪುಸ್ತಕ ಅಮ್ಮನ ಮಡಿಲಲ್ಲೇ ಎರಡು ಹೋಳಾಯಿತು. ಬಿಡಿಹಾಳೆಗಳನ್ನು ಜೋಡಿಸಿ, ಅಂಚಿನಿಂದ ಮುಕ್ಕಾಲು ಇಂಚು ಒಳಗೆ ದಬ್ಬಣದಲ್ಲಿ ತೂತು ಹೊಡೆದು, ಮೇಲಿಂದ ಕೆಳಕ್ಕೆ ದಾರ ಬಿಗಿದ ಹೊಲಿಗೆ ಅದು. ಪುಸ್ತಕ ಎಂದೂ ಪೂರ್ತಿ ತೆರೆದುಕೊಂಡಿದ್ದೇ ಇಲ್ಲ. ಎರಡೂ ಕೈಯಲ್ಲಿ ಅಗಲಿಸಿ ಹಿಡಿದೇ ಓದಬೇಕು. ಅಮ್ಮನ ಬೆರಳ ಗೆಣ್ಣುಗಳಿಗೆ ಆಗಲೇ ಊತ ಬಂದಿತ್ತು. ಅಂಗಡಿಗೆ ಒಯ್ದರೆ, “ಸ್ಪೈರಲ್ ಹಾಕಿಸ್ಕೊಳ್ಳಿ ಮೇಡಂ, ಹಳೇದನ್ನೆಲ್ಲ ಈಗ ಯಾರು ಕೂತು ಹೊಲೀತಾರೆ?” ಎಂದರು. ಹೋಳುಗಳನ್ನು ಹಾಗೇ ವಾಪಸು ತಂದೆ.

ಆಗ ನೆನಪಾದವರು ನಮ್ಮ ಬ್ಯಾಂಕಿಗೆ ಬರುತ್ತಿದ್ದ ಬೈಂಡಿಂಗ್ ಅಂಗಡಿಯ ಯಜಮಾನರು. ಕಂಪ್ಯೂಟರ್ ಬರುವ ಮುಂಚೆ ದಿನದಿನದ ವೋಚರುಗಳನ್ನು ಹೊಲಿದು ಕಟ್ಟಿಡಬೇಕಿತ್ತು. ತಿಂಗಳಿಗೊಮ್ಮೆ ಅವರು ದಾರದ ಉಂಡೆ, ದಬ್ಬಣ, ಅಂಟಿನ ಡಬ್ಬಿ ಹಿಡಿದು ಬಂದು ರೆಕಾರ್ಡ್ ರೂಮಿನ ನೆಲದ ಮೇಲೆ ಕೂರುತ್ತಿದ್ದರು. ಸಂಜೆಗೆ ಲೆಡ್ಜರುಗಳು ಹೊಸ ಬೆನ್ನು ಹೊತ್ತು ಸಾಲಾಗಿ ನಿಂತಿರುತ್ತಿದ್ದವು. ವಿಚಾರಿಸಿದಾಗ ಅಂಗಡಿ ಮುಚ್ಚಿ ಮನೆಯಲ್ಲೇ ಇದ್ದಾರೆಂದು ತಿಳಿಯಿತು. ಹೋಳಾದ ಪುಸ್ತಕ ಹಿಡಿದು ಹೋದೆ. ಮಾಡಿಕೊಡಿ ಎಂದು ಕೇಳಲು ಹೋದವಳು, ಕಲಿಸಿಕೊಡಿ ಎಂದು ಕೇಳಿ ಬಂದೆ.

ಮೊದಲ ಮೂರು ಭಾನುವಾರ ಅವರು ನನ್ನ ಕೈಗೆ ಸೂಜಿ ಕೊಡಲಿಲ್ಲ. ರದ್ದಿಯಿಂದ ತಂದ ಹಳೆಯ ಪುಸ್ತಕಗಳನ್ನು ಬಿಚ್ಚುವುದಷ್ಟೇ ಕೆಲಸ. ಬೆನ್ನಿಗೆ ಒದ್ದೆ ಅಂಟು ಬಳಿದು, ಹಳೆಯ ಅಂಟು ನೆನೆಯುವವರೆಗೆ ಕಾದು, ಬಿದಿರಿನ ಪಟ್ಟಿಯಿಂದ ಮೆತ್ತಗೆ ಕೆರೆದು, ಹೊಲಿಗೆಯ ದಾರವನ್ನು ಫಾರಂನ, ಎಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಕಂತೆಯ, ನಡುವೆ ಹುಡುಕಿ ಕತ್ತರಿಸಿ, ಒಂದೊಂದೇ ಫಾರಂ ಬಿಡಿಸುವುದು. ನನಗೆ ಬೇಸರವಾಗುತ್ತಿದೆಯೆಂದು ಅವರಿಗೆ ಗೊತ್ತಾಗಿರಬೇಕು. “ನೋಡೀಮ್ಮಾ, ನಾನು ಕಟ್ಟಿದ್ದನ್ನ ಇನ್ನೊಬ್ಬ ಬಿಚ್ಚಬೇಕಾಗ್ತದೆ. ಹಾಳೆ ಹರೀದಂಗೆ ಬಿಚ್ಚೋಕೆ ಬಂದ್ರೆ ಅದು ಬೈಂಡಿಂಗು. ಇಲ್ದಿದ್ರೆ ಬರೀ ಅಂಟಿಸಿದ್ದು,” ಎಂದರು.

ಮನೆಯಲ್ಲಿ ಬೈಂಡಿಂಗ್ ಜಾಗ ಮಾಡಿಕೊಳ್ಳಬೇಕೆನ್ನುವವರು ಏನೇನು ಬೇಕೆಂದು ಕೇಳುತ್ತಾರೆ. ನನ್ನದು ವರಾಂಡದ ಮೂಲೆ, ಆರಡಿ ಉದ್ದ, ನಾಲ್ಕಡಿ ಅಗಲ. ಬೈಂಡಿಂಗ್‌ನ ಅರ್ಧ ಕೆಲಸ ನಿಂತು ಮಾಡುವಂಥದ್ದು. ಬಗ್ಗಿ ರಟ್ಟು ಕುಯ್ದರೆ ವಾರದಲ್ಲಿ ಸೊಂಟ ಹಿಡಿಯುತ್ತದೆ. ಅದಕ್ಕೇ ಮೇಜು ಸೊಂಟದ ಎತ್ತರಕ್ಕಿರಬೇಕು. ಬೆಳಕು ಎಡಗಡೆಯಿಂದ ಬರಲಿ, ಫ್ಯಾನು ನೇರ ಮೇಲೆ ಬೇಡ. ಹಸಿ ಅಂಟಿನ ಹಾಳೆ ಗಾಳಿಗೆ ಒಂದು ಕಡೆ ಬೇಗ ಒಣಗಿ ಸೊಟ್ಟಗಾಗುತ್ತದೆ.

ಸಾಮಾನಿನಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಇತ್ತು. ದಬ್ಬಣ, ಸ್ಟೀಲ್ ಸ್ಕೇಲು, ಕಟರ್, ಒಂದು ಮೂಲೆಮಟ್ಟ, ಎರಡು ಬ್ರಷ್ಷು. ಕಾಗದ ಮಡಿಸಿ ಗೆರೆ ತೀಡಲು ಎಲ್ಲೆಲ್ಲೋ ಮೂಳೆಯ ಪಟ್ಟಿ ಬಳಸುತ್ತಾರಂತೆ. ಯಜಮಾನರು ಬಿದಿರಿನದನ್ನು ಗಾಜಿನ ಚೂರಿನಲ್ಲಿ ಹೆರೆದು ಕೊಟ್ಟರು, ಇವತ್ತಿಗೂ ಅದೇ. ಭಾರಕ್ಕೆ ಅಜ್ಜಿಯ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಮತ್ತು ಒರಳಿನ ಗುಂಡುಕಲ್ಲು, ಎರಡನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ. ಒತ್ತುಪಟ್ಟಿಗೆ ಬಡಗಿಯ ಹತ್ತಿರ ಎರಡು ಗಟ್ಟಿ ಹಲಗೆ ತಂದು, ನಾಲ್ಕು ಮೂಲೆಗೆ ಬೋಲ್ಟು, ಕಿವಿಯಿರುವ ನಟ್ಟು ಹಾಕಿಸಿದೆ. ಹೊಲಿಯುವ ಚೌಕಟ್ಟು ಬೇಕಲ್ಲ ಎಂದರೆ ಮರದ ಸ್ಟೂಲನ್ನು ತಲೆಕೆಳಗು ಮಾಡಿ. ಮೇಲೆದ್ದ ಕಾಲುಗಳಿಗೆ ಅಡ್ಡ ಒಂದು ಕೋಲು ಕಟ್ಟಿ, ಅದರಿಂದ ಲಾಡಿ ಇಳಿಬಿಟ್ಟರೆ ಚೌಕಟ್ಟು ತಯಾರು. ಲಂಗಕ್ಕೆ ಹಾಕುತ್ತೇವಲ್ಲ, ಅದೇ ಅರ್ಧ ಇಂಚಿನ ಹತ್ತಿಯ ಲಾಡಿ. ದುಡ್ಡು ಹೋದದ್ದು ರಟ್ಟಿಗೆ, ಬೈಂಡಿಂಗ್ ಬಟ್ಟೆಗೆ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿ ಒಂದೇ ಸಲ ತಂದುಬಿಟ್ಟೆ. ಕಟಿಂಗ್ ಮಷೀನಿನ ಆಸೆ ಮಾತ್ರ ಮನೆಯಲ್ಲಿ ಬೇಡ. ಬೆರಳಿಗೆ ಅಪಾಯ, ಜಾಗಕ್ಕೂ ದಂಡ. ಪ್ರೆಸ್ಸಿನವರ ಹತ್ತಿರ ಕೊಟ್ಟು ಕತ್ತರಿಸಿಕೊಂಡು ಬರಬಹುದು.

ಇನ್ನು ಅಂಟು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ನನ್ನ ದೊಡ್ಡ ತಪ್ಪು ಆದದ್ದೇ ಇಲ್ಲಿ.

ಬೈಂಡಿಂಗಿನ ಹಳೆಯ ಅಂಟು ಎಂದರೆ ಮೈದಾ ಅಂಟು, ಸಿನಿಮಾ ಪೋಸ್ಟರ್ ಹಚ್ಚುವವರ ಬಕೆಟ್ಟಿನಲ್ಲಿರುತ್ತದಲ್ಲ, ಅದೇ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ನೀರುದೋಸೆಯ ಹಿಟ್ಟಿನ ಹದಕ್ಕೆ ಕಲಸಬೇಕು. ಉಳಿದ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಒಂದು ಹೊತ್ತಿನಲ್ಲಿ ಗಾಜಿನ ಬಣ್ಣಕ್ಕೆ ತಿರುಗುತ್ತದೆ, ಸೌಟಿಗೆ ಭಾರ ಬರುತ್ತದೆ. ಅಲ್ಲಿಂದ ಐದು ನಿಮಿಷ ಬಿಟ್ಟು ಇಳಿಸಿ, ಆರಿದ ಮೇಲೆ ಮಲ್ ಬಟ್ಟೆಯಲ್ಲಿ ಸೋಸಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಇಟ್ಟು ಒತ್ತಿ ತೆಗೆದರೆ ಚಿಕ್ಕ ಚಿಕ್ಕ ಎಳೆ ಏಳಬೇಕು. ಅಂಗಡಿಯವರು ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು, ಹುಳ ಬರದಿರಲೆಂದು. ಹಳೆಯ ಲೆಡ್ಜರಿನ ಬೆನ್ನಿನಲ್ಲಿ ತಿಳಿನೀಲಿ ಛಾಯೆ ಕಾಣುವುದು ಅದಕ್ಕೇ. ಮೈಲುತುತ್ತ ವಿಷ. ಅಡುಗೆ ಪಾತ್ರೆಗಳ ನಡುವೆ, ಮಕ್ಕಳು ಓಡಾಡುವ ಕಡೆ ಅದು ಬೇಡ. ನಾನು ಸ್ವಲ್ಪವೇ ಮಾಡಿ, ಎರಡು ಮೂರು ದಿನ ಫ್ರಿಜ್‌ನಲ್ಲಿಟ್ಟು, ಹುಳಿ ವಾಸನೆ ಬಂದ ಕೂಡಲೇ ಚೆಲ್ಲುತ್ತೇನೆ. ಹುಳ ಬರದಂತೆ ನೋಡಿಕೊಳ್ಳುವುದಕ್ಕೆ ಪುಸ್ತಕವನ್ನು ಆಗಾಗ ತೆಗೆದು, ತಿರುವಿ, ಗಾಳಿಯಾಡಿಸುವ ಕೈ ಬೇಕು. ಕಪಾಟಿನ ಬಾಗಿಲು ಮುಚ್ಚಿ ಮರೆತರೆ ಯಾವ ಔಷಧಿಯೂ ಸಾಲದು.

ಮೈದಾ ಅಂಟಿನ ಗುಣ ಏನೆಂದರೆ, ನೀರು ಸೋಕಿಸಿದರೆ ಅದು ಬಿಡುತ್ತದೆ. ಇದು ಅದರ ದೋಷವೆಂದು ನಾನು ತಿಳಿದಿದ್ದೆ.

ಎರಡನೆಯ ವರ್ಷ, ಕೈ ಸ್ವಲ್ಪ ಕುದುರಿದ ಧೈರ್ಯದಲ್ಲಿ, ಪರಿಚಯದವರ ಮನೆಯ ಹಳೆಯ ಗದುಗಿನ ಭಾರತದ ಪ್ರತಿಯೊಂದನ್ನು ಕಟ್ಟಿಕೊಡಲು ಒಪ್ಪಿಕೊಂಡೆ. ಅವರ ತಾತ ದಿನವೂ ಓದಿದ ಪುಸ್ತಕ. ಬೆನ್ನು ಸಡಿಲವಾಗಿತ್ತು, ಹಾಳೆ ಕಂದುಬಣ್ಣಕ್ಕೆ ತಿರುಗಿತ್ತು. ಬಲವಾಗಿರಲೆಂದು ಬಡಗಿಗಳು ಬಳಸುವ ಬಿಳಿ ಅಂಟನ್ನು ನೇರವಾಗಿ ಬೆನ್ನಿಗೆ ದಪ್ಪಗೆ ಬಳಿದೆ. ನೋಡಲು ಕಲ್ಲಿನಂತೆ ಗಟ್ಟಿಯಾಯಿತು. ಆರು ತಿಂಗಳಾಗುವಷ್ಟರಲ್ಲಿ ಪುಸ್ತಕ ವಾಪಸು ಬಂತು. ಅಂಟು ಬಾಗಲಿಲ್ಲ, ಮುಪ್ಪಾದ ಕಾಗದ ತಾನೇ ಬಾಗಿ, ಅಂಟು ಮುಗಿಯುವ ಗೆರೆಯ ಉದ್ದಕ್ಕೂ ಮುರಿದಿತ್ತು. ಬಿಚ್ಚೋಣವೆಂದರೆ ಒಣಗಿದ ಬಿಳಿ ಅಂಟು ನೀರಿಗೆ ಜಗ್ಗುವುದಿಲ್ಲ. ಕೊನೆಗೆ ಬೆನ್ನಿನ ಕಡೆಯಿಂದ ಒಂದು ಬೆರಳಿನಷ್ಟು ಕಾಗದವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಒಳಅಂಚಿನಲ್ಲಿ ಆ ತಾತ ಅಲ್ಲಲ್ಲಿ ಪೆನ್ಸಿಲಿನಿಂದ ಹಾಕಿಕೊಂಡಿದ್ದ ಗುರುತುಗಳು ಅದರ ಜೊತೆ ಹೋದವು. ಆ ಮನೆಯವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಇಂದಿಗೂ ಅದನ್ನು ನೆನೆದರೆ ಹೊಟ್ಟೆಯೊಳಗೆ ಕಿವುಚಿದಂತಾಗುತ್ತದೆ.

ಆ ಅಂಟು ಕೆಟ್ಟದ್ದಲ್ಲ. ಬಟ್ಟೆಯನ್ನು ರಟ್ಟಿಗೆ ಹಚ್ಚಲು, ಬೇಗ ಒಣಗಬೇಕಾದ ಕಡೆ, ಅದು ಒಳ್ಳೆಯದೇ. ರಟ್ಟು ಹಾಳಾದರೆ ಬೇರೆ ರಟ್ಟು ಸಿಗುತ್ತದೆ. ಹಳೆಯ ಕಾಗದದ ಮೈಗೆ ತಾಗುವ ಜಾಗದಲ್ಲಿ ಮಾತ್ರ ಮೈದಾ ಅಂಟೇ ಸೈ. ಹರಿದ ಹಾಳೆಗೆ ಸೆಲೋಟೇಪ್ ಅಂತೂ ಖಂಡಿತ ಬೇಡ. ಕೆಲವೇ ವರ್ಷದಲ್ಲಿ ಟೇಪು ಉದುರುತ್ತದೆ, ಅದರ ಅಂಟು ಹಳದಿಯಾಗಿ ಎಣ್ಣೆಯ ಕಲೆಯಂತೆ ಹಾಳೆಯೊಳಕ್ಕೆ ಇಳಿದು ಉಳಿದುಬಿಡುತ್ತದೆ.

ಈ ಘಟನೆಯ ನಂತರ ಪ್ರಾಚೀನರ ಪುಸ್ತಕಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಓಲೆಗರಿಯ ಕಟ್ಟಿನಲ್ಲಿ ಅಂಟೇ ಇಲ್ಲ. ಗರಿಗಳಿಗೆ ತೂತು, ತೂತಿನೊಳಗೆ ದಾರ, ಮೇಲೊಂದು ಕೆಳಗೊಂದು ಹಲಗೆ. ದಾರ ಬಿಚ್ಚಿದರೆ ಒಂದೊಂದು ಗರಿಯೂ ಸ್ವತಂತ್ರ. ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಮುರಿದದ್ದನ್ನು ಬದಲಿಸಿ ಮತ್ತೆ ಕಟ್ಟಬಹುದು. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಆರಂಭವಾದದ್ದು. 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ಓಲೆಪ್ರತಿ ಸಿಕ್ಕಿದ್ದು ಅಲ್ಲಿಯೇ, 1909ರಲ್ಲಿ ಅದು ಅಚ್ಚಾಯಿತು. ತಲೆಮಾರುಗಳನ್ನು ದಾಟಿ ಬಂದ ಗರಿಗಳು ಅವರ ಮುಂದೆ ಒಂದೊಂದಾಗಿ ಬಿಚ್ಚಿಕೊಂಡವು. ನಮ್ಮಲ್ಲೇ ಇದ್ದ ಇನ್ನೊಂದು ಬಗೆಯ ಪುಸ್ತಕ ಕಡತ. ಬಟ್ಟೆಗೆ ಹುಣಿಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕವೆಲ್ಲ ಅದರಲ್ಲೇ. ಒರೆಸಿ ಮತ್ತೆ ಬರೆಯಬಹುದು, ಎಳೆದರೆ ಉದ್ದಕ್ಕೆ ಹರಡುತ್ತದೆ, ಮಡಿಸಿದರೆ ಹಿಡಿಯಲ್ಲಿ ಕೂರುತ್ತದೆ. ಕಚೇರಿಯ ಫೈಲಿಗೆ ನಾವೀಗ ಕಡತ ಎನ್ನುವುದು ಅದರ ನೆನಪು. ಪುಸ್ತಕವನ್ನು ‘ಕಟ್ಟುವುದು’ ಎನ್ನುವಾಗ ನಮ್ಮ ಭಾಷೆ ಓಲೆಯ ದಾರವನ್ನೇ ಹಿಡಿದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ. ಕಟ್ಟಿದ್ದು ಯಾವುದೇ ಆಗಲಿ, ಬಿಚ್ಚಲು ಬರುತ್ತದೆ.

ಕಾಗದಕ್ಕೆ ಮರದಂತೆಯೇ ಎಳೆ ಇದೆ ಎಂಬುದು ಯಜಮಾನರು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಮಲಗುತ್ತವೆ. ಹಾಳೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ದಿಕ್ಕಿಗೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದಕ್ಕೆ ಸೆಟೆಯುತ್ತದೆ. ಸಲೀಸಾಗಿ ಬಗ್ಗಿದಾಗ ಮೂಡುವ ಸುರುಳಿ ಎತ್ತ ಚಾಚಿದೆಯೋ ಎಳೆ ಅತ್ತ. ಅಂಟಿನ ತೇವ ತಾಗಿದಾಗ ಕಾಗದ ಹಿಗ್ಗುವುದು ಎಳೆಗೆ ಅಡ್ಡವಾಗಿ. ಹಾಗಾಗಿ ಹಾಳೆ, ರಟ್ಟು, ಒಳಹೊದಿಕೆ ಎಲ್ಲದರ ಎಳೆಯೂ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಅಡ್ಡ ಹಾಕಿದರೆ ಬೆನ್ನಿನ ಬಳಿ ಹಾಳೆ ಅಲೆಅಲೆಯಾಗಿ ಏಳುತ್ತದೆ, ಪುಸ್ತಕ ತೆರೆದ ಕೂಡಲೇ ಮುಚ್ಚಿಕೊಳ್ಳಲು ನೋಡುತ್ತದೆ. ರಟ್ಟು ಸೊಟ್ಟಗಾಗುವುದೂ ಇಂಥದ್ದೇ ಕಾರಣಕ್ಕೆ. ಒಂದು ಮೈಗೆ ಬಟ್ಟೆ ಹಚ್ಚಿದಾಗ ಅದು ಒಣಗುತ್ತ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಮೈಗೆ ಕಾಗದ ಹಚ್ಚಿದರೆ ಆ ಕಡೆಯಿಂದಲೂ ಎಳೆತ ಬಿದ್ದು ರಟ್ಟು ನೆಟ್ಟಗೆ ನಿಲ್ಲುತ್ತದೆ. ಈ ಕೆಲಸವನ್ನು ಮೈಸೂರಿನ ಮಾರ್ಚಿನಲ್ಲಿ ಮಾಡುವುದೇ ಬೇರೆ, ಮಂಗಳೂರಿನ ಆಷಾಢದಲ್ಲಿ ಮಾಡುವುದೇ ಬೇರೆ. ಕರಾವಳಿಯ ಗೆಳತಿಯೊಬ್ಬಳು ಮಳೆಗಾಲ ಪೂರ್ತಿ ಹೊಲಿಗೆ ಮಾತ್ರ ಹಾಕಿಟ್ಟು, ಅಂಟಿನ ಕೆಲಸವನ್ನು ದಸರೆಯ ನಂತರಕ್ಕೆ ಎತ್ತಿಡುತ್ತಾಳೆ. ಪಿನ್ನು ಹೊಡೆದ ಪುಸ್ತಕಗಳ ಗತಿ ಅಲ್ಲಿ ಇನ್ನೂ ಕಷ್ಟ, ತುಕ್ಕು ಕಾಗದವನ್ನು ತಿನ್ನುತ್ತದೆ.

ಹೊಲಿಗೆಗೆ ಬಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಅದರ ಬೆನ್ನಿನ ಮಡಿಕೆಯಲ್ಲಿ ತೂತುಗಳು, ಎರಡು ಲಾಡಿಗೆ ನಾಲ್ಕು, ತುದಿಗಳಿಗೆ ಎರಡು. ಹತ್ತಿಯ ದಾರವನ್ನು ಜೇನುಮೇಣದ ಮೇಲೆ ಎಳೆದು ಗಡುಸು ಮಾಡಿಕೊಳ್ಳಬೇಕು. ನೈಲಾನ್ ಬೇಡ, ಅದು ಕಾಗದವನ್ನು ಕುಯ್ಯುತ್ತದೆ. ಸೂಜಿ ತುದಿಯ ತೂತಿನಲ್ಲಿ ಒಳಗೆ ಹೋಗಿ, ಲಾಡಿಯ ಪಕ್ಕದಲ್ಲಿ ಹೊರಗೆ ಬಂದು, ಲಾಡಿಯನ್ನು ಬಳಸಿ, ಮತ್ತೆ ಒಳಗೆ ಹೋಗುತ್ತದೆ. ಆ ಕಡೆಯ ತುದಿ ಮುಟ್ಟಿದ ಮೇಲೆ ಎರಡನೆಯ ಫಾರಂ ಇಟ್ಟು ಹಿಂದಿರುಗುವುದು. ಮೂರನೆಯದರಿಂದ ಮುಂದೆ ಪ್ರತಿ ಸಾಲಿನ ತುದಿಯಲ್ಲೂ ಕೆಳಗಿನ ಎರಡು ಫಾರಂಗಳ ನಡುವೆ ಸೂಜಿ ತೂರಿಸಿ ಕೊಂಡಿ ಹಾಕಿಕೊಳ್ಳಬೇಕು. ದಾರವನ್ನು ಒಂದು ಮಾರಿಗಿಂತ ಉದ್ದ ತೆಗೆದುಕೊಳ್ಳಬೇಡಿ, ಗಂಟಾಗುತ್ತದೆ. ಮುಗಿದಂತೆ ಇನ್ನೊಂದನ್ನು ಸೇರಿಸುತ್ತ ಹೋಗಬಹುದು. ಬಿಗಿ ಮಾಡುವಾಗ ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಬೇಕು. ನಮ್ಮ ಕಡೆಗೆ ಎಳೆದರೆ ಮಡಿಕೆ ಸೀಳಿಹೋಗುತ್ತದೆ. ಇದನ್ನು ಯಜಮಾನರು ಬಾಯಲ್ಲಿ ಹೇಳಿಕೊಡಲಿಲ್ಲ. ನಾನು ತಪ್ಪಾಗಿ ಎಳೆದಾಗಲೆಲ್ಲ ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತಿದ್ದರು.

ಹೊಲಿದು ಮುಗಿಸಿದಾಗ ಬೆನ್ನು ಅಂಚಿಗಿಂತ ದಪ್ಪಗಾಗಿರುತ್ತದೆ, ಒಳಗೆ ದಾರ ಸೇರಿಕೊಂಡಿದೆಯಲ್ಲ. ಆ ಉಬ್ಬನ್ನು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕಮಾನಾಗಿಸುವುದರಿಂದಲೇ ದಪ್ಪ ಪುಸ್ತಕಗಳ ಬೆನ್ನು ದುಂಡಗಿರುವುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಂಥ ಸಾವಿರದ ಏಳುನೂರು ಪುಟ ಮೀರಿದ ಪುಸ್ತಕವನ್ನು ಚಪ್ಪಟೆ ಬೆನ್ನಿನಲ್ಲಿ, ಬರೀ ಅಂಟಿನಲ್ಲಿ ನಿಲ್ಲಿಸಲು ಆಗುವುದಿಲ್ಲ. ಇಲ್ಲಿ ನಮ್ಮ ಪ್ರಕಾಶಕರಲ್ಲಿ ನನ್ನದೊಂದು ವಿನಂತಿ ಇದೆ. ಈಗ ಹೆಚ್ಚಿನ ಕನ್ನಡ ಪುಸ್ತಕಗಳ ಬೆನ್ನನ್ನು ಕತ್ತರಿಸಿ, ಹಾಳೆಗಳನ್ನು ಬಿಡಿ ಮಾಡಿ, ಬಿಸಿ ಅಂಟಿನಲ್ಲಿ ಕೂರಿಸುತ್ತಾರೆ. ಒಮ್ಮೆ ಓದಿ ಇಡುವ ಪುಸ್ತಕಕ್ಕೆ ಅದು ಸಾಕಾಗಬಹುದು, ಬೆಲೆಯೂ ಇಳಿಯುತ್ತದೆ. ಆದರೆ ನಿಘಂಟು, ಸಮಗ್ರ ಸಂಪುಟ, ಹಳಗನ್ನಡ ಕಾವ್ಯ ಇವೆಲ್ಲ ನೂರು ಸಲ ತೆರೆದು ನೋಡುವಂಥವು. ಇವಕ್ಕಾದರೂ ನೂಲಿನ ಹೊಲಿಗೆ ಹಾಕಿಸಿ. ಮಡಿಕೆ ಉಳಿದಿದ್ದರೆ ಐವತ್ತು ವರ್ಷದ ನಂತರವೂ ಯಾರಾದರೂ ಬಿಚ್ಚಿ ಮತ್ತೆ ಹೊಲಿಯಬಹುದು. ಮಡಿಕೆಯನ್ನೇ ಕತ್ತರಿಸಿದ ಮೇಲೆ ನನ್ನಂಥವರ ಕೈಯಲ್ಲಿ ಆಗುವುದು ಕಡಿಮೆ.

ಹೊರಬಟ್ಟೆಯಲ್ಲಿ ಅವರವರ ಮನಸ್ಸು. ಕ್ಯಾಲಿಕೊ ಸುಲಭ. ನನಗೆ ಗುಳೇದಗುಡ್ಡದ ಖಣದ ಮೇಲೆ ಆಸೆ. ಅದನ್ನು ನೇರ ರಟ್ಟಿಗೆ ಹಚ್ಚಿದರೆ ಅಂಟು ಮೇಲಕ್ಕೆ ಬಂದು ಕಲೆ ಕೂರುತ್ತದೆ. ಮೊದಲು ಹಿಂದೆ ತೆಳು ಕಾಗದ ಹಚ್ಚಿ ಒಣಗಿಸಿಕೊಂಡರೆ ತೊಂದರೆಯಿಲ್ಲ.

ಈಗ ನನ್ನ ಮೂಲೆಗೆ ಬರುವ ಕೆಲಸ ತಿಂಗಳಿಗೆ ನಾಲ್ಕೋ ಐದೋ. ಅತ್ತೆ ಬರೆದಿಟ್ಟ ಅಡುಗೆಯ ನೋಟುಪುಸ್ತಕ, ಭಜನೆಯ ಪುಸ್ತಕ, ಮೆಡಿಕಲ್ ಓದುವ ಹುಡುಗಿಯ ಬಿಟ್ಟುಹೋದ ಪಠ್ಯ. ಸಾಮಾನಿನ ಖರ್ಚು ಹುಟ್ಟುತ್ತದೆ, ಕೂಲಿ ಲೆಕ್ಕ ಹಾಕಿದರೆ ಹುಟ್ಟುವುದಿಲ್ಲ. ಜೀವನೋಪಾಯಕ್ಕೆಂದು ಶುರು ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು. ಯಜಮಾನರು ಅಂಗಡಿ ನಡೆಸಿದ್ದು ಲೆಡ್ಜರು, ರಸೀದಿ ಪುಸ್ತಕ, ಪ್ರಬಂಧಗಳ ಬಲದ ಮೇಲೆ. ಆ ಕೆಲಸ ನಿಂತಾಗ ಅಂಗಡಿಯೂ ನಿಂತಿತು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಅವರ ದಬ್ಬಣವನ್ನು ಮಗ ತಂದುಕೊಟ್ಟ.

ಅಮ್ಮನ ಹೋಳಾದ ಪುಸ್ತಕವನ್ನು ಮಾತ್ರ ಐದು ವರ್ಷ ಮುಟ್ಟಿರಲಿಲ್ಲ. ಗದುಗಿನ ಭಾರತದ ನಂತರ ಧೈರ್ಯ ಬರಲಿಲ್ಲ. ಹೋದ ವರ್ಷ ಕೈ ಹಾಕಿದೆ. ಅಡ್ಡಹೊಲಿಗೆಯ ದಾರ ಬಿಚ್ಚಿ ಹಾಳೆಗಳನ್ನು ಹರಡಿದಾಗ, ಇಷ್ಟು ವರ್ಷ ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದ ಒಳಅಂಚು ಹೊರಗೆ ಬಂತು. ಬೆಳಕು ಕಾಣದ ಆ ಮುಕ್ಕಾಲು ಇಂಚು ಉಳಿದ ಹಾಳೆಗಿಂತ ಬೆಳ್ಳಗಿತ್ತು. ಅದರ ಮೇಲೆ ಉದ್ದುದ್ದಕ್ಕೆ, ಪೆನ್ಸಿಲಿನಲ್ಲಿ, ಅಮ್ಮನ ಅಕ್ಷರ. ಕತ್ತರಿಸುವ ಮುಂಚೆ ಪತ್ರಿಕೆಯನ್ನೇ ಚೀಟಿ ಮಾಡಿಕೊಂಡಿದ್ದಳೆಂದು ಕಾಣುತ್ತದೆ.

ಎಲ್ಲವೂ ಬಿಡಿಹಾಳೆಗಳಾದ್ದರಿಂದ ಹೊಲಿಯಲು ಮಡಿಕೆಯೇ ಇರಲಿಲ್ಲ. ಎರಡೆರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ತೆಳುಕಾಗದದ ಪಟ್ಟಿ ಮೈದಾ ಅಂಟಿನಲ್ಲಿ ಹಚ್ಚಿ, ಆ ಪಟ್ಟಿಯನ್ನೇ ಮಡಿಕೆ ಮಾಡಿಕೊಂಡೆ. ಪಟ್ಟಿ ಹಾಳೆಯ ಮೇಲೆ ಕೂರುವುದು ಕಾಲು ಇಂಚಿಗಿಂತ ಕಡಿಮೆ ಇರಬೇಕಿತ್ತು, ಇಲ್ಲದಿದ್ದರೆ ಅಕ್ಷರ ಮುಚ್ಚಿಹೋಗುತ್ತಿತ್ತು. ನೂರಾ ಹನ್ನೆರಡು ಹಾಳೆ, ಐವತ್ತಾರು ಪಟ್ಟಿ. ದಿನಕ್ಕೆ ನಾಲ್ಕು ಐದು ಆದರೆ ಹೆಚ್ಚು. ನಾಲ್ಕು ಜೋಡಿಗೆ ಒಂದರಂತೆ ಹದಿನಾಲ್ಕು ಫಾರಂ. ಯಜಮಾನರ ದಬ್ಬಣದಲ್ಲಿ ತೂತು ಹಾಕಿ ಹೊಲಿದೆ. ಹೊರಗೆ ಅಮ್ಮನದೇ ಒಂದು ಹಳೆಯ ಖಣ.

ಕಳೆದ ತಿಂಗಳು ಕೈಗೆ ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ನಡುವಿನಲ್ಲಿ ತೆರೆದಳು. ಪುಸ್ತಕ ಎರಡೂ ಕಡೆ ಮಲಗಿತು, ಹಿಡಿಯಬೇಕಾಗಲಿಲ್ಲ. ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು, ಕತೆಯನ್ನು ಬಿಟ್ಟು ಒಳಅಂಚಿಗೆ ಬಗ್ಗಿದಳು.

“ಸೋಮವಾರ ಒಂದೂವರೆ, ಮಂಗಳವಾರ ಇಲ್ಲ, ಬುಧವಾರ ಒಂದು,” ಎಂದು ಓದಿ, “ಹಾಲಿನ ಲೆಕ್ಕ ಕಣೇ. ಮಂಗಳವಾರ ಯಾಕೆ ತಗೊಂಡಿಲ್ಲ ನಾನು?” ಎಂದು ಕೇಳಿದಳು.